ಪೈಲಟ್ ಮೆಡಿಕಲ್ ಫಾರಂ: ಹಳೆಯ ಡಿಪ್ರೆಷನ್ ಬಗ್ಗೆ ಬರೆಯುವುದು ಹೇಗೆ?

ಪೈಲಟ್ ತರಬೇತಿಗೆ ಅಮೆರಿಕಕ್ಕೆ ಹೊರಟ ನಮ್ಮ ಮಕ್ಕಳನ್ನು ಜಾಸ್ತಿ ಹೆದರಿಸುವುದು ಒಂದೇ ಪ್ರಶ್ನೆ. ಅಲ್ಲಿನ ವಿಮಾನಯಾನ ಇಲಾಖೆ ಎಫ್‌ಎಎಯ 8500-8 ಫಾರಂನಲ್ಲಿ ಅದು 18-ಎಂ. ನಿಮಗೆ ಜೀವನದಲ್ಲಿ ಯಾವತ್ತಾದರೂ ಮಾನಸಿಕ ಕಾಯಿಲೆ, ಡಿಪ್ರೆಷನ್, ಆತಂಕ ಇತ್ತೇ? ಪಿಯುಸಿಯಲ್ಲಿದ್ದಾಗ ನಾಲ್ಕು ತಿಂಗಳು ಮಾತ್ರೆ ತಗೊಂಡಿದ್ದನ್ನೂ ಇಲ್ಲಿ ಹೇಳಬೇಕಾ? ಹೇಳಲೇಬೇಕು.

‘ಯಾರಿಗೆ ಗೊತ್ತಾಗುತ್ತೆ, ಸುಮ್ನೆ ಇಲ್ಲ ಅಂತ ಒತ್ತಿಬಿಡು’ ಎನ್ನುವವರು ಸಿಗುತ್ತಾರೆ. ದಯವಿಟ್ಟು ಅವರ ಮಾತು ಕೇಳಬೇಡಿ. ಸುಳ್ಳು ಹೇಳಿದರೆ 2,50,000 ಡಾಲರ್‌ವರೆಗೆ ದಂಡ, 5 ವರ್ಷದವರೆಗೆ ಜೈಲು. ಲೈಸೆನ್ಸ್ ಕೂಡ ಹೋಗಬಹುದು. ಆದರೆ ‘ಹೌದು’ ಎಂದ ಮಾತ್ರಕ್ಕೆ ಹಾರುವ ಆಸೆ ಬಿಡಬೇಕಾಗಿಲ್ಲ. ಬೈಪೋಲಾರ್ (ಮನಸ್ಸು ಅತಿಯಾಗಿ ಏರಿಳಿಯುವುದು), ಸೈಕೋಸಿಸ್ (ವಾಸ್ತವದ ಅರಿವು ತಪ್ಪುವುದು) ಇಂಥ ಕೆಲವು ಕಾಯಿಲೆಗಳನ್ನು ನಿಯಮದಲ್ಲೇ ಹೆಸರಿಸಿ ಅನರ್ಹತೆ ಎಂದಿದ್ದಾರೆ. ಚಿಕಿತ್ಸೆ ಪಡೆದು ವಾಸಿಯಾದ ಡಿಪ್ರೆಷನ್, ಆತಂಕವನ್ನು ಒಬ್ಬೊಬ್ಬರ ದಾಖಲೆ ನೋಡಿ ತೀರ್ಮಾನಿಸುತ್ತಾರೆ.

ಮೊದಲು ಕಾಗದ ಪತ್ರ

ಆನ್‌ಲೈನ್ ಫಾರಂ ತೆರೆಯುವ ಮುಂಚೆ ಹಳೆಯ ಚೀಟಿಗಳನ್ನು ಹುಡುಕಿ. ಹೆಚ್ಚಿನವರು ಎಡವುವುದು ಇಲ್ಲೇ. ನಮ್ಮಲ್ಲಿ ಡಾಕ್ಟರು ರೋಗಿಯ ದಾಖಲೆಯನ್ನು 3 ವರ್ಷ ಇಟ್ಟಿರಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು 2002ರ ವೈದ್ಯಕೀಯ ಮಂಡಳಿ ನಿಯಮ ಹೇಳುತ್ತದೆ. ಆದರೆ ಆ 3 ವರ್ಷದ ಮಾತು ಅಡ್ಮಿಟ್ ಆದವರ ದಾಖಲೆಗೆ. ಕ್ಲಿನಿಕ್‌ಗೆ ಹೋಗಿ ತೋರಿಸಿಕೊಂಡು ಬಂದವರ ಚೀಟಿ ಸಾಮಾನ್ಯವಾಗಿ ಅವರ ಮನೆಯಲ್ಲೇ ಇರುತ್ತದೆ, ಇಲ್ಲವೇ ಕಳೆದುಹೋಗಿರುತ್ತದೆ. ತಮ್ಮ ದಾಖಲೆ ಕೇಳುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆಯ 25ನೇ ಸೆಕ್ಷನ್ ಕೂಡ ಕೊಟ್ಟಿದೆ. ಸಂಕೋಚ ಬೇಡ, ಹೋಗಿ ಕೇಳಿ.

ಚಿಕಿತ್ಸೆ ಕೊಟ್ಟ ಡಾಕ್ಟರಿಂದ ಇಂಗ್ಲಿಷ್‌ನಲ್ಲಿ ಒಂದು ಪತ್ರ ಬರೆಸಿಕೊಳ್ಳಿ. ಏನು ತೊಂದರೆ ಇತ್ತು, ಯಾವಾಗ ಶುರುವಾಯಿತು, ಯಾವ ಮಾತ್ರೆ, ಎಷ್ಟು ಡೋಸ್, ಯಾವಾಗ ನಿಲ್ಲಿಸಿದರು, ಸಾಯುವ ಯೋಚನೆ ಬಂದಿತ್ತಾ, ಈಗ ಹೇಗಿದ್ದೀರಿ, ಎಲ್ಲವೂ ಅದರಲ್ಲಿರಲಿ.

ಮಾತ್ರೆಯ ಸ್ಟ್ರಿಪ್‌ನ ಹಿಂಭಾಗವನ್ನೂ ಓದಿ. ನಮ್ಮಲ್ಲಿ ಎಸಿಟಲೋಪ್ರಾಮ್ ಮತ್ತು ಕ್ಲೋನಾಜೆಪಾಮ್ ಒಂದೇ ಮಾತ್ರೆಯಲ್ಲಿ ಸೇರಿಸಿ ಕೊಡುವುದು ತುಂಬಾ ಸಾಮಾನ್ಯ. ನೀವು ನುಂಗಿದ್ದು ಒಂದೇ ಮಾತ್ರೆ, ಆದರೆ ಔಷಧಿ ಎರಡು. ಎರಡರ ಹೆಸರನ್ನೂ ಬರೆಯಬೇಕು.

ಆಮೇಲೆ ಡಾಕ್ಟರ ಜೊತೆ ಮಾತು

ಈ ತಪಾಸಣೆ ಮಾಡುವವರು ಎಫ್‌ಎಎ ನೇಮಿಸಿದ ಡಾಕ್ಟರು. ಫಾರಂ ಇಲ್ಲದೆ, ಸಲಹೆ ಕೇಳುವುದಕ್ಕೆಂದೇ ಮೊದಲು ಅವರನ್ನು ಭೇಟಿಯಾಗಿ. ಮೆಡ್‌ಎಕ್ಸ್‌ಪ್ರೆಸ್ ಎಂಬ ತಾಣದಲ್ಲಿ ಫಾರಂ ತುಂಬಿದರೆ ಒಂದು ನಂಬರ್ ಸಿಗುತ್ತದೆ. ಆ ನಂಬರ್ ಹಾಕಿ ಡಾಕ್ಟರು ನಿಮ್ಮ ಫಾರಂ ತೆರೆದರೆ ಮುಗಿಯಿತು, ಹಿಂದೆ ಸರಿಯುವಂತಿಲ್ಲ. ಆಗ ಡಾಕ್ಟರು ಸರ್ಟಿಫಿಕೇಟ್ ಕೊಡಬೇಕು, ನಿರಾಕರಿಸಬೇಕು, ಇಲ್ಲವೇ ತೀರ್ಮಾನವನ್ನು ಎಫ್‌ಎಎಗೆ ಬಿಡಬೇಕು. ಸಲಹೆ ಕೇಳಲು ಹೋದಾಗಲೇ ‘ಇನ್ನೂ ಆರು ತಿಂಗಳು ಕಾಯಿರಿ’ ಎಂದು ಡಾಕ್ಟರೇ ಹೇಳಿದರೆ ಕಾಯುವುದು ಮೇಲು.

ಫಾರಂ ತುಂಬುವಾಗ

18-ಎಂಗೆ ‘ಹೌದು’ ಒತ್ತಿ, ಕೆಳಗಿನ ಜಾಗದಲ್ಲಿ ಚಿಕ್ಕದಾಗಿ ಬರೆಯಿರಿ. ಉದಾಹರಣೆಗೆ: ‘2019ರಲ್ಲಿ ಪರೀಕ್ಷೆ ಸಮಯದಲ್ಲಿ ಆತಂಕ. ಎಸಿಟಲೋಪ್ರಾಮ್ 10 ಮಿ.ಗ್ರಾಂ, ನಾಲ್ಕು ತಿಂಗಳು. ಡಾಕ್ಟರ ಸಲಹೆಯಂತೆ ನಿಲ್ಲಿಸಿದೆ. ಆಮೇಲೆ ತೊಂದರೆ ಇಲ್ಲ. ಪತ್ರ ಜೊತೆಗಿದೆ.’ ಇಷ್ಟು ಸಾಕು. ನಿಮ್ಮ ಕಾಯಿಲೆಗೆ ನೀವೇ ಹೆಸರಿಡಬೇಡಿ. ಡಾಕ್ಟರ ಪತ್ರದಲ್ಲಿ ಏನಿದೆಯೋ ಅದನ್ನೇ ಬರೆಯಿರಿ.

ಈಗಲೂ ಮಾತ್ರೆ ತಗೊಳ್ಳುತ್ತಿದ್ದರೆ ಅದು 17ನೇ ಪ್ರಶ್ನೆಗೆ ಬರುತ್ತದೆ. 19ರಲ್ಲಿ ಕಳೆದ 3 ವರ್ಷ ಕಂಡ ಡಾಕ್ಟರು, ಸೈಕಾಲಜಿಸ್ಟ್‌ಗಳ ಪಟ್ಟಿ ಕೇಳುತ್ತಾರೆ. ಒಂದೇ ತೊಂದರೆಗೆ ಒಬ್ಬರನ್ನೇ ಹತ್ತು ಸಲ ಕಂಡಿದ್ದರೆ ಒಂದೇ ಸಾಲಿನಲ್ಲಿ ಬರೆಯಬಹುದು.

ಒಂದು ಮಾತು ಖಂಡಿತ ನೆನಪಿಡಿ. ಫಾರಂಗೋಸ್ಕರ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಡಿಪ್ರೆಷನ್ ಮಾತ್ರೆ ತಗೊಳ್ಳುತ್ತಲೇ ಹಾರಲು 2010ರಿಂದ ದಾರಿ ಇದೆ. ಫ್ಲುಆಕ್ಸೆಟಿನ್, ಸರ್ಟ್ರಾಲಿನ್, ಸಿಟಲೋಪ್ರಾಮ್, ಎಸಿಟಲೋಪ್ರಾಮ್, ಈ ನಾಲ್ಕನ್ನು ಆಗಲೇ ಒಪ್ಪಿದ್ದರು. ಹೆಚ್ಚುವರಿ ತಪಾಸಣೆ ಇರುತ್ತದೆ, ತಿಂಗಳುಗಟ್ಟಲೆ ಸಮಯ ಹಿಡಿಯುತ್ತದೆ, ಖರ್ಚೂ ಇದೆ. ಆದರೂ ಅದು ನೇರವಾದ ದಾರಿ. ಮನಸ್ಸು ಕುಸಿದಿರುವಾಗ ಮಾತ್ರೆ ಬಿಟ್ಟು ವಿಮಾನ ಹತ್ತುವುದು ನಿಮಗೂ ಅಪಾಯ, ಹಿಂದೆ ಕೂತವರಿಗೂ ಅಪಾಯ.

ಫಾರಂ ಹೋದ ಮೇಲೆ

ಡಾಕ್ಟರು ಅಲ್ಲೇ ತೀರ್ಮಾನಿಸದಿದ್ದರೆ ಕಡತ ಓಕ್ಲಹೋಮ ಸಿಟಿಯ ಕಚೇರಿಗೆ ಹೋಗುತ್ತದೆ. ಇನ್ನಷ್ಟು ದಾಖಲೆ ಕೇಳಿ ಪತ್ರ ಬರುತ್ತದೆ. ಅದರಲ್ಲಿ ಗಡುವು ಇರುತ್ತದೆ, ತಪ್ಪಿಸಬೇಡಿ. ಸರ್ಟಿಫಿಕೇಟ್ ಕೈಗೆ ಬರುವ ತನಕ ಫ್ಲೈಯಿಂಗ್ ಸ್ಕೂಲಿಗೆ ಪೂರ್ತಿ ಫೀಸು ಕಟ್ಟಬೇಡಿ. ಮನೆ ಅಡವಿಟ್ಟು ಸಾಲ ಮಾಡಿದವರಿಗಂತೂ ಇದು ತುಂಬಾ ಮುಖ್ಯ.

ಕಳಿಸಿದ ಎಲ್ಲದರ ಪ್ರತಿ ಇಟ್ಟುಕೊಳ್ಳಿ. ಮುಂದಿನ ಸಲವೂ 18-ಎಂಗೆ ‘ಹೌದು’ ಎಂದೇ ಒತ್ತಬೇಕು, ವಿವರದ ಜಾಗದಲ್ಲಿ ‘ಹಿಂದೆ ತಿಳಿಸಿದ್ದೇನೆ, ಬದಲಾವಣೆ ಇಲ್ಲ’ ಎಂದರೆ ಸಾಕು. ತರಬೇತಿ ಮುಗಿಸಿ ಬಂದು ಇಲ್ಲಿ ನಮ್ಮ ವಿಮಾನಯಾನ ಇಲಾಖೆ ಡಿಜಿಸಿಎಯ ಕ್ಲಾಸ್ 1 ಮೆಡಿಕಲ್‌ಗೆ (ವೃತ್ತಿಪರ ಪೈಲಟ್‌ಗಳ ತಪಾಸಣೆಗೆ) ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಗೆ ಹೋದರೆ ಅಲ್ಲೂ ಹಳೆಯ ಕಾಯಿಲೆಗಳ ಬಗ್ಗೆ ಕೇಳುತ್ತಾರೆ. ಆಗ ಅದೇ ಕಡತವನ್ನು, ಅದೇ ಡಾಕ್ಟರ ಪತ್ರವನ್ನು ಜೊತೆಗೆ ಒಯ್ಯಿರಿ.