ಮಡಚುವ ಸೈಕಲ್ಲಿಗೆ ಜಿಪಿಎಸ್ ಕೂರಿಸಿದ್ದು

ನನ್ನದು 20 ಇಂಚು ಚಕ್ರದ ಮಡಚುವ ಸೈಕಲ್. ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ನಂದಿ ಬೆಟ್ಟದ ಕಡೆ ಹೋಗಿ, ಅಲ್ಲಿನ ಹಳ್ಳಿ ದಾರಿಗಳಲ್ಲಿ ಓಡಿಸುತ್ತೇನೆ. ಕವಲು ದಾರಿಗಳು ಜಾಸ್ತಿ, ಅದಕ್ಕೇ ಜಿಪಿಎಸ್ ಕೊಂಡೆ.

ಅದನ್ನು ಹ್ಯಾಂಡಲ್‌ಗೆ ಹಿಡಿಸುವ ಕ್ಲಾಂಪ್ 31.8 ಮಿ.ಮೀ. ದಪ್ಪದ ಹ್ಯಾಂಡಲ್‌ಗೆ ಮಾಡಿದ್ದು. ನನ್ನ ಹ್ಯಾಂಡಲ್ 25.4 ಮಿ.ಮೀ. ಎಷ್ಟು ಬಿಗಿ ಮಾಡಿದರೂ ಜಾರುತ್ತಿತ್ತು. ಸುತ್ತಲೂ ಸುಮಾರು 3 ಮಿ.ಮೀ. ದಪ್ಪ ತುಂಬಬೇಕಿತ್ತು. ಹಳೇ ಟ್ಯೂಬ್ ಪಟ್ಟಿ ಕತ್ತರಿಸಿ ಮೂರು ಸುತ್ತು ಸುತ್ತಿದೆ, ಗಟ್ಟಿಯಾಗಿ ಕೂತಿತು. ಚಿಕ್ಕ ಚಕ್ರಕ್ಕೆ ಕುಲುಕಾಟ ಜಾಸ್ತಿ ಅಲ್ವಾ, ರಬ್ಬರ್ ಅದನ್ನೂ ಸ್ವಲ್ಪ ತಡೆಯುತ್ತದೆ.

ನಿಜವಾದ ತಲೆನೋವು ಮಡಚುವಾಗ. ಹ್ಯಾಂಡಲ್ ಕಂಬ ಕೆಳಗೆ ಬಾಗಿ ಚಕ್ರದ ಪಕ್ಕಕ್ಕೆ ಬರುತ್ತದೆ. ಮುಂದಕ್ಕೆ ಚಾಚಿದ್ದ ಕ್ಲಾಂಪ್, ಮುಂದಿನ ಚಕ್ರ ಹಿಡಿಯುವ ಫೋರ್ಕಿಗೆ ಬಡಿದು ಬಣ್ಣ ಕಿತ್ತಿತು. ತುಂಬಾ ಬೇಜಾರಾಯಿತು. ಆಮೇಲೆ ಕ್ಲಾಂಪನ್ನು ಸವಾರನ ಕಡೆಗೆ ತಿರುಗಿಸಿ, ಸಡಿಲವಾಗಿಟ್ಟು, ನಿಧಾನವಾಗಿ ಮಡಚಿ ನೋಡಿದೆ. ಎರಡು ಬೆರಳು ಜಾಗ ಸಿಕ್ಕಿತು. ಆಗಲೇ ಸ್ಕ್ರೂ ಬಿಗಿ ಮಾಡಿದ್ದು. ಮಡಚುವ ಮೊದಲು ಯಂತ್ರವನ್ನು ಮಾತ್ರ ತೆಗೆದು ಜೇಬಿಗೆ ಹಾಕುತ್ತೇನೆ. ಸವಾರಿಯಲ್ಲಿ ಬೀಳದಂತೆ ಒಂದು ದಾರವನ್ನೂ ಕಟ್ಟಿದ್ದೇನೆ.

ಕೊನೆಗೆ ವೇಗ. ಚಕ್ರದ ಸುತ್ತು ಎಣಿಸಿ ವೇಗ ಲೆಕ್ಕ ಹಾಕುವ ಸೆನ್ಸರ್‌ನಲ್ಲಿ ರೋಡ್ ಬೈಕಿನ (ದೊಡ್ಡ ಚಕ್ರದ ಸೈಕಲ್ಲಿನ) 2105 ಮಿ.ಮೀ. ಸುತ್ತಳತೆ ಇತ್ತು, 20 ಕಿ.ಮೀ. ವೇಗಕ್ಕೆ 28 ತೋರಿಸುತ್ತಿತ್ತು! ಟೈರ್ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ನಾನೇ ಕೂತು ಒಂದು ಸುತ್ತು ಉರುಳಿಸಿ ಅಳೆದೆ. 1515 ಬಂತು. ಅದನ್ನೇ ತುಂಬಿದೆ. ಈಗ ಉಪಗ್ರಹದ ಲೆಕ್ಕವೂ ಸೆನ್ಸರ್ ಲೆಕ್ಕವೂ ಹೊಂದುತ್ತಿವೆ.