ಅಂಗಡಿ ಬಾಡಿಗೆ ಕರಾರು: ಬಾಕಿ ಯಾರ ತಲೆಗೆ?

ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಬ್ಬರು ಸ್ನೇಹಿತರು ಸೇರಿ ಬೇಕರಿ ಹಾಕಿದರು ಅಂದುಕೊಳ್ಳಿ. ಕರಾರಿಗೆ ಇಬ್ಬರದೂ ಸಹಿ. ಬಾಡಿಗೆ ತಿಂಗಳಿಗೆ 22,000 ರೂಪಾಯಿ, ಅಡ್ವಾನ್ಸ್ 2 ಲಕ್ಷ. ಒಂದೂವರೆ ವರ್ಷವಾದ ಮೇಲೆ ಒಬ್ಬ ‘ನನಗೆ ಸಾಕು’ ಅಂತ ಲೆಕ್ಕ ಚುಕ್ತಾ ಮಾಡಿಕೊಂಡು ಊರಿಗೆ ಹೋದ. ಇನ್ನೊಬ್ಬ ಎಂಟು ತಿಂಗಳು ಬಾಡಿಗೆ ಕಟ್ಟದೆ ಒಂದು ದಿನ ಶಟರ್ ಎಳೆದ. ಈಗ ವಕೀಲರ ನೋಟಿಸ್ ಬಂದಿರುವುದು ಊರಿಗೆ ಹೋದವನ ಮನೆಗೆ. ‘ನಾನು ಬಿಟ್ಟು ಎಷ್ಟು ದಿನ ಆಯ್ತು!’ ಅಂತಾನೆ ಅವನು. ಹೌದು, ಅಂಗಡಿ ಬಿಟ್ಟಿದ್ದಾನೆ. ಕರಾರಿನಲ್ಲಿ ಮಾತ್ರ ಇನ್ನೂ ಇದ್ದಾನೆ.

ಈ ಗತಿ ಬರಬಾರದು ಅಂದರೆ ಒಂದೊಂದಾಗಿ ಹೀಗೆ ನೋಡಿಕೊಳ್ಳಿ.

ಮೊದಲು, ಕೊಡುವವರು ಯಾರು?

ಬಾಡಿಗೆ ವಸೂಲಿಗೆ ಬರುವವರೆಲ್ಲ ಮಾಲೀಕರಲ್ಲ. ನಮ್ಮ ಕಡೆ ಕಟ್ಟಡ ತಂದೆಯ ಹೆಸರಲ್ಲಿರುತ್ತದೆ, ಕರಾರು ಹಿರಿಮಗ ಮಾಡಿಕೊಡುತ್ತಾನೆ. ತಂದೆ ತೀರಿಕೊಂಡ ಮೇಲೆ ತಮ್ಮಂದಿರು, ತಂಗಿಯರು ‘ನಮಗೂ ಪಾಲಿದೆ’ ಅಂತ ಬಾಗಿಲಿಗೆ ಬರುತ್ತಾರೆ. ಆದ್ದರಿಂದ ಇಸಿ (ಆಸ್ತಿಯ ಋಣಭಾರ ಪ್ರಮಾಣಪತ್ರ) ತೆಗೆಸಿ, ಖಾತೆ ಯಾರ ಹೆಸರಲ್ಲಿದೆ ನೋಡಿ. ಪಾಲುಗಾರರು ಇದ್ದರೆ ಎಲ್ಲರ ಸಹಿ ಹಾಕಿಸಿ. ಒಬ್ಬರೇ ಸಹಿ ಹಾಕುವುದಾದರೆ ಉಳಿದವರು ಕೊಟ್ಟ ಅಧಿಕಾರ ಪತ್ರದ ಪ್ರತಿ ಇಟ್ಟುಕೊಳ್ಳಿ.

ಆಮೇಲೆ, ತಗೊಳ್ಳುವ ನೀವು ಯಾರು?

ಒಬ್ಬರೇ ನಡೆಸುವ ಅಂಗಡಿಯಾದರೆ ಬೋರ್ಡಿನ ಹೆಸರಿಗೆ ಕಾನೂನಿನಲ್ಲಿ ಬೇರೆ ಜೀವವಿಲ್ಲ. ಅಂಗಡಿಯ ಸಾಲ ನಿಮ್ಮದೇ ಸಾಲ. ಪಾಲುದಾರಿಕೆಯಾದರೆ 1932ರ ಪಾಲುದಾರಿಕೆ ಕಾಯ್ದೆಯ 25ನೇ ಸೆಕ್ಷನ್ ನೋಡಿ. ಬಾಕಿಗೆ ಪಾಲುದಾರರೆಲ್ಲ ಒಟ್ಟಾಗಿಯೂ ಹೊಣೆ, ಒಬ್ಬೊಬ್ಬರಾಗಿಯೂ ಹೊಣೆ. ‘ನನ್ನ ಅರ್ಧ ಕೊಡ್ತೀನಿ’ ಅನ್ನುವ ಮಾತು ಮಾಲೀಕರ ಮುಂದೆ ನಡೆಯುವುದಿಲ್ಲ. ಪೂರ್ತಿ ಹಣವನ್ನು ಒಬ್ಬರಿಂದಲೇ ಕೇಳಬಹುದು. ಆ ಒಬ್ಬರು ಆಮೇಲೆ ಗೆಳೆಯನ ಹಿಂದೆ ಅಲೆಯಬೇಕು ಅಷ್ಟೆ.

ಪ್ರೈವೇಟ್ ಲಿಮಿಟೆಡ್ ಕಂಪನಿಯ ಪರವಾಗಿ ಸಹಿ ಹಾಕಿದರೆ ಸಾಮಾನ್ಯವಾಗಿ ಹೊಣೆ ಕಂಪನಿಯದು, ಡೈರೆಕ್ಟರ್ ಮನೆಯ ತನಕ ಬರುವುದಿಲ್ಲ. ಆದರೆ ಕಂಪನಿ ಇನ್ನೂ ನೋಂದಣಿಯಾಗದಿರುವಾಗಲೇ ಅವಸರಕ್ಕೆ ಸಹಿ ಹಾಕಿದರೆ ಅದು ನಿಮ್ಮ ಕುತ್ತಿಗೆಗೇ ಬರಬಹುದು.

ಕೊನೆಯ ಪುಟ

ನನ್ನ ಕೇಳಿದರೆ ಕರಾರಿನಲ್ಲಿ ಎರಡು ಸಲ ಓದಬೇಕಾದ ಪುಟ ಇದು. ಕೋರ್ಟಿನ ಅಕ್ಕಪಕ್ಕದ ಟೈಪಿಂಗ್ ಅಂಗಡಿಗಳಲ್ಲಿ ರೆಡಿ ನಮೂನೆ ಸಿಗುತ್ತದೆ. ಒಮ್ಮೊಮ್ಮೆ ಮೂರನೇ ಪುಟದಲ್ಲಿ ಹಿಂದಿನ ಪಾರ್ಟಿಯ ಹೆಸರು ಹಾಗೇ ಕೂತಿರುತ್ತದೆ! ಅದು ನಗುವ ವಿಷಯ. ನಗು ಬಾರದ್ದು ಇದು: ಮೊದಲ ಪುಟದಲ್ಲಿ ಕಂಪನಿಯ ಹೆಸರು, ಕೊನೆಯ ಪುಟದಲ್ಲಿ ಬರೀ ‘ಬಾಡಿಗೆದಾರರು’ ಅಂತ ಗೆರೆ, ಅದರ ಮೇಲೆ ನಿಮ್ಮ ಸಹಿ. ಸೀಲೂ ಇಲ್ಲ, ‘ಪರವಾಗಿ’ ಅನ್ನುವ ಪದವೂ ಇಲ್ಲ. ಕಂಪನಿ ಸಹಿ ಹಾಕಿತೋ ನೀವು ಹಾಕಿದಿರೋ? ಇದೊಂದಕ್ಕೇ ವರ್ಷಗಟ್ಟಲೆ ವಾದ ನಡೆಯಬಹುದು. ಗೆರೆಯ ಮೇಲೆ ಕಂಪನಿಯ ಹೆಸರು, ಕೆಳಗೆ ನಿಮ್ಮ ಹೆಸರು, ಹುದ್ದೆ, ಸೀಲು, ಇಷ್ಟೂ ಇರಲಿ.

ಅದೇ ಪುಟದ ಕೆಳಗೆ ಸಾಕ್ಷಿಗಳ ಜಾಗವಿದೆ. ಸಾಕ್ಷಿ ಹಾಕಿದವರು ‘ಇವರು ಸಹಿ ಹಾಕಿದ್ದನ್ನು ಕಂಡೆ’ ಅಂದಂತೆ, ಅಷ್ಟೆ. ಬಾಡಿಗೆಗೂ ಅವರಿಗೂ ಸಂಬಂಧವಿಲ್ಲ. ಜಾಮೀನು ಹಾಗಲ್ಲ. 1872ರ ಕರಾರು ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ, ಬೇರೆ ಷರತ್ತು ಬರೆಯದಿದ್ದರೆ, ಬಾಡಿಗೆದಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ. ಭಾವ ಕರೆದರು, ಸುಮ್ನೆ ಹೋಗಿ ಒಂದು ಸಹಿ ಹಾಕಿದೆ ಅನ್ನುವವರು ಮೇಲೆ ಏನು ಬರೆದಿದೆ ಅಂತ ಓದಿರುವುದಿಲ್ಲ. ಒಂದು ಸಮಾಧಾನವಿದೆ. ಜಾಮೀನುದಾರರನ್ನು ಕೇಳದೆ ಮಾಲೀಕರು ಮತ್ತು ಬಾಡಿಗೆದಾರರು ಷರತ್ತು ಬದಲಿಸಿಕೊಂಡರೆ, ಆಮೇಲಿನ ವ್ಯವಹಾರಕ್ಕೆ ಜಾಮೀನು ಉಳಿಯುವುದಿಲ್ಲ.

ನೋಂದಣಿ ಬೇಕಾ?

ಅವಧಿ ಒಂದು ವರ್ಷ ಮೀರಿದರೆ ಬೇಕೇ ಬೇಕು. ಎಲ್ಲರೂ 11 ತಿಂಗಳು ಅಂತ ಬರೆಸುವುದು ಇದರಿಂದ ತಪ್ಪಿಸಿಕೊಳ್ಳಲು. ಮೂರು ವರ್ಷದ ಕರಾರನ್ನು ನೋಟರಿ ಮುಂದೆ ಮಾಡಿಸಿ ಬೀರುವಿನಲ್ಲಿಟ್ಟರೆ, ಆ ಮೂರು ವರ್ಷ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಅಂಗಡಿ ಬಾಡಿಗೆ ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯಾಗಿಬಿಡುತ್ತದೆ. 15 ದಿನದ ನೋಟಿಸ್ ಕೊಟ್ಟು ಯಾರು ಬೇಕಾದರೂ ಮುಗಿಸಬಹುದು. ಸ್ಟಾಂಪ್ ಶುಲ್ಕ ಕಡಿಮೆ ಕಟ್ಟಿದ್ದರೆ ಕೊರತೆಯ ಹತ್ತು ಪಟ್ಟು ದಂಡವೂ ಬೀಳಬಹುದು.

ಮಧ್ಯದಲ್ಲಿ ಜನ ಬದಲಾದರೆ

ಪಾಲುದಾರ ಹೊರಗೆ ಹೋಗುವಾಗ ಗೆಳೆಯನ ಜೊತೆ ಮಾಡಿಕೊಂಡ ಲೆಕ್ಕ ಸಾಲದು. ‘ಇನ್ನು ಮುಂದೆ ಇವರು ಹೊಣೆಯಲ್ಲ’ ಅಂತ ಮಾಲೀಕರಿಂದಲೂ ಬರೆಸಿಕೊಳ್ಳಬೇಕು. ಪಾಲುದಾರಿಕೆ ನೋಂದಣಿಯಾಗಿದ್ದರೆ ಪಾಲುದಾರಿಕೆ ಸಂಸ್ಥೆಗಳ ರಿಜಿಸ್ಟ್ರಾರ್‌ಗೆ ತಿಳಿಸಿ, ಗೆಜೆಟ್‌ನಲ್ಲೂ ಜಿಲ್ಲೆಯಲ್ಲಿ ಓದುವ ಒಂದು ಕನ್ನಡ ಪತ್ರಿಕೆಯಲ್ಲೂ ಪ್ರಕಟಣೆ ಕೊಡಬೇಕು. ನಮ್ಮ ಬೇಕರಿಯವನು ಇಷ್ಟು ಮಾಡಿದ್ದರೆ ನೋಟಿಸ್ ಅವನ ಮನೆ ಹುಡುಕಿಕೊಂಡು ಬರುತ್ತಿರಲಿಲ್ಲ.

ಅಂಗಡಿಯನ್ನು ಇನ್ನೊಬ್ಬರಿಗೆ ದಾಟಿಸುವಾಗಲೂ ಇದೇ ಕಥೆ. ಗುಡ್‌ವಿಲ್ ಅಂತ ಹಣ ತಗೊಂಡು ಕೀ ಕೊಟ್ಟರೆ ಮೂಲ ಬಾಡಿಗೆದಾರನ ಹೊಣೆ ಹೋಗುವುದಿಲ್ಲ. ಹೊಸಬರ ಹೆಸರಿಗೆ ಹೊಸ ಕರಾರು, ಹಳೆಯದು ರದ್ದು, ಮೂವರ ಸಹಿ. ಹೀಗಾದರೆ ಮಾತ್ರ ಬಿಡುಗಡೆ.

ಕಟ್ಟಡವೇ ಮಾರಾಟವಾದರೆ ಗಾಬರಿ ಬೇಡ. ಕೊಂಡವರು ಹಳೆಯ ಮಾಲೀಕರ ಜಾಗದಲ್ಲಿ ನಿಲ್ಲುತ್ತಾರೆ, ಕರಾರು ಮುಂದುವರಿಯುತ್ತದೆ. ಮಾರಾಟದ ಸುದ್ದಿ ಗೊತ್ತಿಲ್ಲದೆ ಹಳಬರಿಗೆ ಕಟ್ಟಿದ ಬಾಡಿಗೆಯನ್ನು ಮತ್ತೆ ಕಟ್ಟಬೇಕಿಲ್ಲ. ಅಡ್ವಾನ್ಸ್ ಯಾರ ಕೈಯಲ್ಲಿದೆ ಅಂತ ಮಾತ್ರ ಅವತ್ತೇ ಬರೆಸಿಕೊಳ್ಳಿ.

ನೋಟಿಸ್ ಬಂದರೆ

ವಾಪಸ್ ಕಳಿಸಬೇಡಿ. ಅಂಚೆಯಲ್ಲಿ ಬಂದ ನೋಟಿಸನ್ನು ಬೇಡ ಅಂದರೂ ಸಾಮಾನ್ಯವಾಗಿ ತಲುಪಿದಂತೆಯೇ ಲೆಕ್ಕ. ಸಹಿ ಮಾಡಿ ತಗೊಳ್ಳಿ. ಕರಾರಿನ ಪ್ರತಿ, ಬಾಡಿಗೆ ಕಟ್ಟಿದ ಯುಪಿಐ ವಿವರ, ಕೀ ವಾಪಸ್ ಕೊಟ್ಟ ದಿನದ ವಾಟ್ಸ್‌ಆ್ಯಪ್ ಮೆಸೇಜ್ ಎಲ್ಲವನ್ನೂ ತೆಗೆದುಕೊಂಡು ವಕೀಲರ ಹತ್ತಿರ ಹೋಗಿ. ನೋಟಿಸ್ ಬಂದ ಕವರನ್ನೂ ಎಸೆಯಬೇಡಿ, ಅದರ ಮೇಲಿನ ಅಂಚೆ ಮುದ್ರೆಯ ತಾರೀಕು ಬೇಕಾಗುತ್ತದೆ.