ಕಾಂಗ್ರೆಸ್ ಕಳೆಯ ಗೊಬ್ಬರ: ಬೀಜ ಸಾಯದಿದ್ದರೆ ಮಾಡಲೇಬೇಡಿ

ಮುಂಗಾರು ಹಿಡಿದ ಮೇಲೆ ಬದುವಿನ ಕಾಂಗ್ರೆಸ್ ಕಳೆ, ಅಂದರೆ ಪಾರ್ಥೇನಿಯಂ ಕಿತ್ತು ತಿಪ್ಪೆಗೆ ಎಸೆಯುವವರನ್ನು ಪ್ರತಿವರ್ಷ ನೋಡುತ್ತೇನೆ. ಕಿತ್ತದ್ದು ಸರಿ. ಆದರೆ ಆ ಹೊರೆಯಲ್ಲಿ ಬಿಳಿ ಹೂ ಬಿಟ್ಟ ಗಿಡಗಳೂ ಸೇರಿರುತ್ತವೆ. ಮರುವರ್ಷ ಅದೇ ತಿಪ್ಪೆಯ ಗೊಬ್ಬರ ಹೊಲಕ್ಕೆ ಹೋಗುತ್ತದೆ, ಬದುವಿನಲ್ಲಿದ್ದ ಕಳೆ ಹೊಲದ ನಡುವೆಯೇ ಏಳುತ್ತದೆ. ಬಲಿತ ಒಂದು ಗಿಡ 10,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಮಣ್ಣಿನಲ್ಲಿ ಹೂತ ಬೀಜ ವರ್ಷಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. 1955ರಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದ ಗಿಡ ದೇಶವನ್ನೆಲ್ಲ ಆವರಿಸಿದ್ದು ಈ ಬೀಜದ ಬಲದಿಂದ. ಗಿಡ ತಾನಾಗಿ ಕೊಳೆಯುತ್ತದೆ. ಬೀಜವನ್ನು ನಾವೇ ಸಾಯಿಸಬೇಕು.

ಕೀಳುವುದಕ್ಕೆ ಮಳೆ ಬಂದ ಮರುದಿನವೇ ಒಳ್ಳೆಯದು. ನೆಲ ಮೆತ್ತಗಿದ್ದರೆ ಬೇರುಸಹಿತ ಬರುತ್ತದೆ. ಕುಡುಗೋಲಿನಲ್ಲಿ ಕೊಯ್ದರೆ ಬುಡದಿಂದ ಮತ್ತೆ ಚಿಗುರುತ್ತದೆ, ಕೊಯ್ಯಬೇಡಿ. ಕೈಗವಸು, ತುಂಬುತೋಳಿನ ಅಂಗಿ, ಮುಖಕ್ಕೆ ಮಾಸ್ಕ್ ಇಲ್ಲದೆ ಯಾರೂ ಮುಟ್ಟಕೂಡದು. ಇದರಲ್ಲಿರುವ ಪಾರ್ಥೆನಿನ್ ಎಂಬ ವಿಷವಸ್ತು ಚರ್ಮದಲ್ಲಿ ತುರಿಕೆ, ಉರಿ, ಗಾಯ ತರುತ್ತದೆ. ಪರಾಗ ಮತ್ತು ಒಣಗಿದ ಗಿಡದ ದೂಳು ಉಬ್ಬಸ ಕೆರಳಿಸುತ್ತವೆ. ಶಾಲೆಯ ಶ್ರಮದಾನವೆಂದು ಮಕ್ಕಳಿಂದ ಬರಿಗೈಯಲ್ಲಿ ಕೀಳಿಸುವುದನ್ನು ಇಂದಿಗೂ ಕಾಣುತ್ತೇವೆ. ಅದು ತಪ್ಪು, ನಿಲ್ಲಲೇಬೇಕು.

ಎಲೆಗಳಲ್ಲಿ ಕಪ್ಪು ಗೆರೆಗಳ ಪುಟ್ಟ ದುಂಬಿಗಳಿದ್ದರೆ ಮೊದಲು ಅವನ್ನು ಪಕ್ಕದ ಕಳೆಯ ಮೇಲೆ ಬಿಡಿ. ಈ ಕಳೆಯನ್ನು ತಿನ್ನಲೆಂದೇ ಮೆಕ್ಸಿಕೊದಿಂದ ತರಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದ ಕೀಟದ ಸಂತತಿ ಅದು.

ಕಿತ್ತ ಜಾಗದಲ್ಲೇ ಗಿಡಗಳನ್ನು ಎರಡು ಪಾಲು ಮಾಡಿ. ಹೂವಾಗದ್ದು ಒಂದು ಕಡೆ. ಹೂವಾದದ್ದನ್ನು, ಒಂದೇ ಹೂವಿದ್ದರೂ ಸರಿ, ತಲೆಕೆಳಗಾಗಿಸಿ ದಪ್ಪ ಚೀಲದೊಳಗೆ ಇಳಿಸಿ. ಕೊಡವಬೇಡಿ, ನೆಲದ ಮೇಲೆ ಎಳೆದೊಯ್ಯಬೇಡಿ.

ಹೂವಾಗದ ಪಾಲು ಸುಲಭ. ನೀರು ನಿಲ್ಲದ ಕಡೆ ಮೂರು ಅಡಿ ಆಳದ ಗುಂಡಿ ತೆಗೆದು, ಪ್ರತಿ 50 ಕೆ.ಜಿ. ಗಿಡದ ಪದರಕ್ಕೆ 500 ಗ್ರಾಂ ಯೂರಿಯಾ ಚಿಮುಕಿಸಿ, ಸಗಣಿ ಬಗ್ಗಡ, ತೆಳುವಾಗಿ ಮಣ್ಣು ಹಾಕುತ್ತ ತುಂಬಿ, ಮೇಲೆ ಸಗಣಿ-ಮಣ್ಣಿನಿಂದ ಗುಮ್ಮಟದಂತೆ ಮೆತ್ತಿ. ನಾಲ್ಕೈದು ತಿಂಗಳಿಗೆ ಗೊಬ್ಬರ ಸಿಗುತ್ತದೆ.

ಹೂವಾದದ್ದನ್ನು ಮಾತ್ರ ಈ ಗುಂಡಿಗೆ ಹಾಕಬೇಡಿ. ಮುಚ್ಚಿದ ಗುಂಡಿಯೊಳಗೆ ಗಾಳಿಯಿಲ್ಲ, ಗಾಳಿಯಿಲ್ಲದ ಕಡೆ ಸಾಕಷ್ಟು ಕಾವು ಏಳುವುದಿಲ್ಲ, ಕಾವಿಲ್ಲದೆ ಬೀಜ ಸಾಯುವುದಿಲ್ಲ. ಗಿಡವೆಲ್ಲ ಕಪ್ಪಾಗಿ ಪುಡಿಯಾಗಿರುತ್ತದೆ, ನೋಡಿದವರು ‘ಚೆನ್ನಾಗಿ ಕಳಿತಿದೆ’ ಎನ್ನುತ್ತಾರೆ, ಬೀಜ ಒಳಗೆ ಹಾಗೇ ಇರುತ್ತದೆ. ಎರೆಹುಳು ತೊಟ್ಟಿಯೂ ಬೇಡ. ಬೀಜ ಸಾಯುವಷ್ಟು ಕಾವಿದ್ದಲ್ಲಿ ಎರೆಹುಳು ಬದುಕದು.

ಹೂವಾದ ಪಾಲಿಗೆ ನೆಲದ ಮೇಲೆ ರಾಶಿ ಒಟ್ಟಬೇಕು. ಉದ್ದ, ಅಗಲ, ಎತ್ತರ ತಲಾ ನಾಲ್ಕು ಅಡಿಯಾದರೂ ಇರಲಿ. ಅದಕ್ಕಿಂತ ಚಿಕ್ಕ ರಾಶಿ ತನ್ನ ಕಾವನ್ನು ಹಿಡಿದಿಟ್ಟುಕೊಳ್ಳಲಾರದು. ತಳಕ್ಕೆ ತೊಗರಿ ಕಡ್ಡಿ ಅಥವಾ ತೆಂಗಿನ ಗರಿಯ ದಿಂಡು ಹರಡಿದರೆ ಕೆಳಗಿನಿಂದ ಗಾಳಿಯಾಡುತ್ತದೆ. ಅದರ ಮೇಲೆ ಒಂದು ಅಡಿ ಒಣಹುಲ್ಲು ಅಥವಾ ಹಳೆಯ ಗೊಬ್ಬರ. ಕಳೆ ಏನಿದ್ದರೂ ನಡುವಿನಲ್ಲಿ ಮಾತ್ರ: ಒಂದು ಪದರ ಕಳೆ, ಅಷ್ಟೇ ದಪ್ಪ ತರಗೆಲೆ ಅಥವಾ ರಾಗಿ ಹುಲ್ಲು, ಮೇಲೆ ಹಸಿ ಸಗಣಿಯ ಬಗ್ಗಡ. ಸುತ್ತಲೂ ನೆತ್ತಿಯ ಮೇಲೂ ಒಂದು ಅಡಿ ದಪ್ಪ ಕಳೆಯಿಲ್ಲದ ಹೊದಿಕೆ ಬರಬೇಕು. ರಾಶಿಯ ಅಂಚು ಯಾವಾಗಲೂ ತಣ್ಣಗಿರುತ್ತದೆ, ಬೀಜ ಬದುಕಿ ಉಳಿಯುವುದು ಆ ಅಂಚಿನಲ್ಲಿ. ಒಳಗಿನದನ್ನು ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ನೀರು ಬಂದರೆ ಹದ. ಧಾರೆಯಾಗಿ ಸುರಿದರೆ ಒಣಹುಲ್ಲು ಸೇರಿಸಿ, ಏನೂ ಬಾರದಿದ್ದರೆ ನೀರು ಚಿಮುಕಿಸಿ. ಮಳೆಗೆ ಟಾರ್ಪಾಲಿನ್ ಹೊದಿಸಿ, ಬದಿಗಳಲ್ಲಿ ಗಾಳಿಗೆ ಎಡೆ ಬಿಡಿ.

ಎರಡು-ಮೂರು ದಿನಗಳಲ್ಲಿ ಒಳಗೆ ಕಾವು ಏರುತ್ತದೆ. ಕಬ್ಬಿಣದ ಸಲಾಕೆ ಚುಚ್ಚಿ ತೆಗೆದು ಮುಟ್ಟಿ ನೋಡುವುದು ಹಳೆಯ ರೂಢಿ. ಗೊಬ್ಬರವಷ್ಟೇ ಸಾಕೆಂದಾದರೆ ಅದು ಸಾಕು, ಬೀಜ ಸಾಯಬೇಕಿದ್ದರೆ ಸಾಲದು. ಉದ್ದ ಕಡ್ಡಿಯ ಥರ್ಮಾಮೀಟರ್ ಒಂದನ್ನು ಕೊಳ್ಳಿ. ‘ಹದಿನೈದೇ ದಿನಕ್ಕೆ ಗೊಬ್ಬರ’ ಎಂದು ಬಾಟಲಿಯಲ್ಲಿ ಮಾರುವ ದ್ರಾವಣಗಳಿಗೆ ಕೊಡುವ ಹಣವನ್ನು ಇದಕ್ಕೆ ಹಾಕಿ. ಯಾವ ದ್ರಾವಣವೂ ಚಿಕ್ಕ, ಒಣಗಿದ ರಾಶಿಯನ್ನು ಬಿಸಿ ಮಾಡಿಕೊಡುವುದಿಲ್ಲ. ಬೇಕಾದ ಸೂಕ್ಷ್ಮಜೀವಿಗಳೆಲ್ಲ ಹಸಿ ಸಗಣಿಯಲ್ಲೇ ಇವೆ.

ಮಧ್ಯಭಾಗ 55 ಡಿಗ್ರಿ ಸೆಲ್ಸಿಯಸ್ ದಾಟಿ ಮೂರು ದಿನ ನಿಲ್ಲಬೇಕು. ಆಮೇಲೆ ಮಗುಚಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಗುದ್ದಲಿಯಲ್ಲಿ ಮೇಲಿಂದ ಮೇಲೆ ಕೆದಕಿದರೆ ಮಗುಚಿದಂತಲ್ಲ. ಪಕ್ಕದಲ್ಲಿ ಹೊಸ ರಾಶಿ ಕಟ್ಟಿ: ಹಳೆಯದರ ಹೊರಭಾಗ ಹೊಸದರ ಹೊಟ್ಟೆಗೆ, ಒಳಭಾಗ ಹೊರಕ್ಕೆ. ಹಳೆಯ ರಾಶಿಯ ತಳದಲ್ಲಿ ಉದುರಿದ ಪುಡಿಯನ್ನೂ ಗುಡಿಸಿ ನಡುವಿಗೆ ಹಾಕಿ. ಹದಿನೈದು ದಿನಗಳಲ್ಲಿ ಐದು ಬಾರಿ ಹೀಗೆ ಮಗುಚಿ, ಪ್ರತಿ ಸಲವೂ ಕಾವು 55 ದಾಟಿತೇ ಎಂದು ಅಳೆಯಿರಿ. ಏರದಿದ್ದರೆ ಹಸಿ ಸಗಣಿ, ನೀರು ಸೇರಿಸಿ ಆ ಸುತ್ತನ್ನು ಮತ್ತೆ ಮಾಡಿ. 70 ದಾಟಿದರೆ ಆಗಲೇ ಮಗುಚಿ, ಇಲ್ಲವಾದರೆ ಕೊಳೆಸುವ ಜೀವಿಗಳೇ ಸಾಯುತ್ತವೆ. ಬಳಿಕ ಎರಡು ತಿಂಗಳು ಸುಮ್ಮನೆ ಮಾಗಲು ಬಿಡಿ.

ಇದೇ ವಿಧಾನವನ್ನು ಎಲ್ಲ ಕಳೆಗೂ ಹಚ್ಚಬೇಡಿ. ಲಂಟಾನದ ಗಟ್ಟಿ ಕಾಂಡ ಬೇಗ ಕೊಳೆಯುವುದಿಲ್ಲ; ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರಿಂದ ಕುರ್ಚಿ, ಮೇಜು ಮಾಡುತ್ತಾರೆ, ಅದೇ ಸರಿಯಾದ ದಾರಿ. ಕೊಳಚೆ ನೀರಿನ ಕೆರೆಗಳಿಂದ ಎತ್ತಿದ ಅಂತರಗಂಗೆ ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನು ಹೀರಿಕೊಂಡಿರುತ್ತದೆ. ಅದರ ಗೊಬ್ಬರ ಸೊಪ್ಪು-ತರಕಾರಿಗೆ ಬೇಡವೇ ಬೇಡ.

ಮಾಗಿದ ಗೊಬ್ಬರವನ್ನು ಜರಡಿ ಹಿಡಿದ ಮೇಲೂ ನೇರ ಹೊಲಕ್ಕೆ ಸುರಿಯಬೇಡಿ. ರಾಶಿಯ ನಾಲ್ಕಾರು ಕಡೆಯಿಂದ ಹಿಡಿಹಿಡಿ ತೆಗೆದು ತಟ್ಟೆಯಲ್ಲಿ ಹರಡಿ, ಬೆಳಕಿರುವಲ್ಲಿಟ್ಟು, ಮೂರು ವಾರ ತೇವ ಆರದಂತೆ ನೋಡಿಕೊಳ್ಳಿ. ನೆಲಕ್ಕೆ ಅಂಟಿದಂತೆ ಹರಡುವ, ಅಂಚು ಸೀಳಿದ ಎಲೆಯ ಸಸಿ ಒಂದು ಕಂಡರೂ ಇಡೀ ರಾಶಿಯನ್ನು ಹಸಿ ಸಗಣಿ, ಹಸಿ ಸೊಪ್ಪಿನೊಂದಿಗೆ ಮತ್ತೆ ಒಟ್ಟಿ ಕಾಯಿಸಿ. ಏನೂ ಮೊಳೆಯದಿದ್ದರೂ ಮೊದಲ ವರ್ಷ ತೆಂಗು, ಮಾವಿನ ಬುಡಕ್ಕಷ್ಟೇ ಹಾಕಿ. ಅಲ್ಲಿ ಅಕಸ್ಮಾತ್ ಒಂದು ಸಸಿ ಎದ್ದರೂ ಕಣ್ಣಿಗೆ ಬೀಳುತ್ತದೆ, ಹೂವಾಗುವ ಮೊದಲೇ ಕೀಳಬಹುದು.